‘ಸರ್ವರ್ ಇಲ್ಲ, ನಾಳೆ ಬರ್ರಿ’

ನಮ್ಮ ಕಡೆ ಕೆಲವು ಮಾತುಗಳಿಗೆ ಎದುರುತ್ತರವಿಲ್ಲ. ‘ಮಳೆ ಆಗಲಿಲ್ಲ’ ಎಂದರೆ ಯಾರು ಏನು ಮಾಡಬಲ್ಲರು? ‘ಹೊಳೆ ಬಂದೈತಿ’ ಎಂದರೆ ದಂಡೆಯ ಮೇಲೆ ನಿಂತು ನೀರು ಇಳಿಯುವವರೆಗೆ ಕಾಯುವುದೊಂದೇ ದಾರಿ. ಈಚಿನ ಕೆಲವು ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಮಾತು ಬಂದು ಸೇರಿದೆ. ಅದೇ ‘ಸರ್ವರ್ ಇಲ್ಲ’ ಎಂಬುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಯಾವ ತಾಲೂಕಿನ ಯಾವ ಕಚೇರಿಯ ಕಿಟಕಿಗೆ ಹೋದರೂ ವರ್ಷದಲ್ಲಿ ಹತ್ತಾರು ಸಲ ಈ ಮಾತು ಕಿವಿಗೆ ಬೀಳುವುದು. ಉತಾರ ತೆಗೆಸಲು ಬಂದ ರೈತ, ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ಬಂದ ಅಜ್ಜಿ, ಆದಾಯದ ದಾಖಲೆಗೆ ಬಂದ ವಿದ್ಯಾರ್ಥಿ ಎಲ್ಲರೂ ಅದನ್ನು ಕೇಳಿ, ತಲೆದೂಗಿ, ಬಂದ ದಾರಿಗೆ ಸುಂಕವಿಲ್ಲವೆಂದು ಮರಳುತ್ತಾರೆ. ಹಿಂದೊಮ್ಮೆ ನಮ್ಮ ನಾಡಿನ ಊರುಗಳಲ್ಲಿ ದೆವ್ವ ಬಾಗಿಲು ಬಡಿಯುವುದೆಂದು ಹೆದರಿ ಜನರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವವು ಅದನ್ನೋದಿ ದಿನವೂ ಹಿಂದಿರುಗುತ್ತಿತ್ತಂತೆ. ಈಗ ಆ ಬರಹ ಕಚೇರಿಯ ಕಿಟಕಿಗೆ ಬಂದಿದೆ. ಹಿಂದಿರುಗುವವರು ಮಾತ್ರ ಮನುಷ್ಯರು.

ಸರ್ವರು ಮಳೆಯಲ್ಲ, ಹೊಳೆಯಲ್ಲ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ. ಅದು ಮನುಷ್ಯನು ಇಟ್ಟ ಯಂತ್ರ. ಮನುಷ್ಯನೇ ನೋಡಿಕೊಳ್ಳಬೇಕಾದ ಯಂತ್ರ. ಅದು ನಿಂತರೆ ಬಹುಪಾಲು ನೋಡಿಕೊಳ್ಳುವವರಿಲ್ಲದೆ ನಿಲ್ಲುತ್ತದೆ. ಅದು ನಿಂತ ದಿನದ ನಷ್ಟವನ್ನು ಕಿಟಕಿಯ ಒಳಗಿನವರು ತೆರುವುದಿಲ್ಲ, ಹೊರಗೆ ನಿಂತವರು ತೆರುತ್ತಾರೆ. ಇದು ಸರಿಯೇ ಎಂಬುದು ನನ್ನ ಪ್ರಶ್ನೆ.

ನಾವು ಕಲಾ ವಿಭಾಗದ ವಿದ್ಯಾರ್ಥಿಗಳು. ಯಂತ್ರಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ಈ ವಸ್ತು ಏನೆಂಬುದನ್ನು ಸ್ಥೂಲವಾಗಿಯಾದರೂ ತಿಳಿಯುವುದು ಕಠಿಣವಲ್ಲ. ಸರ್ವರ್ ಎಂಬ ಶಬ್ದಕ್ಕೆ ಸೇವಕನೆಂದೇ ಅರ್ಥ. ಹಳೆಯ ಕಾಲದ ಕಚೇರಿಯನ್ನು ನೆನೆಯಿರಿ. ಮುಂದಿನ ಪಡಸಾಲೆಯಲ್ಲಿ ಕಾರಕೂನರು ಕುಳಿತಿರುವರು. ಹಿಂದೆ ದಫ್ತರದ ಕೋಣೆ. ಕಾರಕೂನನು ‘ಇಂಥ ಊರಿನ ಇಂಥ ನಂಬರಿನ ಕಾಗದ ತಾ’ ಎಂದು ಕೂಗಿದರೆ, ದಫ್ತರ ಕಾಯುವವನು ದೀಪ ಹಿಡಿದುಕೊಂಡು ಹೋಗಿ, ಕಟ್ಟನ್ನು ಹುಡುಕಿ, ಕಾಗದವನ್ನು ತಂದು ಕೈಗೆ ಕೊಡುವನು. ಇಂದು ಕಿಟಕಿಯಲ್ಲಿರುವ ಗಣಕಯಂತ್ರವೇ ಕಾರಕೂನ; ದಫ್ತರ ಕಾಯುವವನೇ ಸರ್ವರ್; ಇಬ್ಬರ ನಡುವಿನ ಓಣಿಯೇ ನೆಟ್‌ವರ್ಕ್. ವ್ಯತ್ಯಾಸ ಇಷ್ಟೇ: ಆ ಸೇವಕನು ಒಂದು ಕ್ಷಣದಲ್ಲಿ ನೂರಾರು ಕಾರಕೂನರ ಕೂಗಿಗೆ ಓಗೊಡಬಲ್ಲನು.

ಈಗ ಯೋಚಿಸಿರಿ. ಕಾಗದ ಕೈಗೆ ಬರಲಿಲ್ಲವೆಂದರೆ ನಾಲ್ಕು ಕಾರಣಗಳಿರಬಹುದು. ದೀಪ ಆರಿರಬಹುದು, ಓಣಿ ಮುಚ್ಚಿರಬಹುದು, ಸೇವಕನು ಕಾಯಿಲೆ ಬಿದ್ದಿರಬಹುದು, ಇಲ್ಲವೆ ಕಟ್ಟಿಗೇ ಗೆದ್ದಲು ಹತ್ತಿರಬಹುದು. ನಾಲ್ಕೂ ಬೇರೆ ಬೇರೆ ರೋಗಗಳು. ನಾಲ್ಕಕ್ಕೂ ಔಷಧ ಬೇರೆ. ಆದರೆ ಕಿಟಕಿಯಲ್ಲಿ ನಾಲ್ಕಕ್ಕೂ ಒಂದೇ ಹೆಸರು: ‘ಸರ್ವರ್ ಇಲ್ಲ’. ರೋಗದ ಹೆಸರೇ ತಿಳಿಯದಲ್ಲಿ ಚಿಕಿತ್ಸೆ ನಡೆಯುವುದೆಂತು?

ಮೊದಲು ದೀಪದ ಮಾತು. ವಿದ್ಯುಚ್ಛಕ್ತಿ ಹೋದಾಗ ಯಂತ್ರವು ತಟ್ಟನೆ ಆರಬಾರದೆಂದು ಯುಪಿಎಸ್ ಇಡುತ್ತಾರೆ. ಅದರ ಜೀವ ಅದರೊಳಗಿನ ಬ್ಯಾಟರಿಯಲ್ಲಿದೆ. ಸೀಸದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುವುದು. ಅದು ಕೂಡ 25 ಡಿಗ್ರಿ ಉಷ್ಣತೆಯಲ್ಲಿ. ಅದಕ್ಕಿಂತ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುವುದೆಂದು ಈ ವಿದ್ಯೆ ಬಲ್ಲವರು ಲೆಕ್ಕ ಹೇಳುತ್ತಾರೆ. ನಮ್ಮ ಬಾಗಲಕೋಟ ಜಿಲ್ಲೆಯ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುವುದೇನೂ ಅಪರೂಪವಲ್ಲ. ಹೀಗಿರುವಾಗ ತಂಪು ಪ್ರದೇಶದ ಲೆಕ್ಕದಂತೆ ಐದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುತ್ತೇವೆಂದು ಕುಳಿತರೆ, ಮಧ್ಯದ ಎರಡು-ಮೂರು ವರ್ಷ ಆ ಪೆಟ್ಟಿಗೆ ಬರಿಯ ಅಲಂಕಾರದ ವಸ್ತು. ವಿದ್ಯುತ್ತು ಹೋದೊಡನೆ ಯಂತ್ರವೂ ಹೋಗುವುದು. ಹೀಗೆ ಪೂರ್ವಸೂಚನೆಯಿಲ್ಲದೆ ಮತ್ತೆ ಮತ್ತೆ ಆರುವ ಯಂತ್ರದಲ್ಲಿ, ಆ ಕ್ಷಣಕ್ಕೆ ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೆ ಕಡಿದು ಉಳಿದದ್ದನ್ನೂ ಕೆಡಿಸುವ ಸಂಭವವುಂಟು. ದೀಪದ ರೋಗವು ಹೀಗೆ ಕಟ್ಟಿನ ರೋಗವಾಗುವುದು.

ಸೇವಕನ ಆರೋಗ್ಯಕ್ಕೂ ಬಿಸಿಲೇ ಶತ್ರು. ಅದರ ಜೊತೆಗೆ ಧೂಳು. ಸರ್ವರ್ ಇಡುವ ಕೋಣೆಯ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಬೇಕೆಂದು ತಜ್ಞರ ಅಭಿಪ್ರಾಯ. ನಾನು ಕಂಡ ಒಂದು ಕಚೇರಿಯ ಚಿತ್ರವನ್ನು ಹೇಳುತ್ತೇನೆ. ಹೆಸರು ಬೇಡ, ಎಷ್ಟೋ ಕಚೇರಿಗಳು ಹಾಗೆಯೇ ಇರುತ್ತವೆ. ನೆಟ್‌ವರ್ಕಿನ ಸಾಮಾನುಗಳಿಗೆಂದು ಗಾಜಿನ ಬಾಗಿಲಿನ ಕಪಾಟೊಂದು ಅಲ್ಲಿತ್ತು. ಅದರ ಮೇಲೆ ಹಳೆಯ ಖಾತೆ ಪುಸ್ತಕಗಳ ಗಂಟು. ಗಾಳಿಯಾಡಲೆಂದು ಬಿಟ್ಟ ರಂಧ್ರಗಳಿಗೆ ಅಡ್ಡಲಾಗಿ ಚುನಾವಣೆಯ ಕಾಲದ ಬಟ್ಟೆಯ ಫಲಕ. ಕೆಳಗೆ ಕಸಬರಿಗೆ, ಕುಡಿಯುವ ನೀರಿನ ಖಾಲಿ ಡಬ್ಬಿ. ತಂಪು ಮಾಡುವ ಯಂತ್ರವೇನೋ ಗೋಡೆಯ ಮೇಲಿತ್ತು. ಆದರೆ ಅದು ಕೆಟ್ಟು ಎರಡು ಬೇಸಿಗೆ ಕಳೆದಿದ್ದವು. ಒಳಗಿನ ಪಂಖೆಯ ಮೇಲೆ ಧೂಳು ಬೆರಳ ದಪ್ಪ ಕುಳಿತಿತ್ತು. ‘ಇದನ್ನ ಯಾರ್ ಸ್ವಚ್ಛ ಮಾಡ್ತಾರ್ರೀ?’ ಎಂದು ಕೇಳಿದೆ. ‘ಅದನ್ನ ಮುಟ್ಟಬಾರದು ಅಂತ ಹೇಳ್ಯಾರ’ ಎಂದು ಉತ್ತರ ಬಂತು. ಮುಟ್ಟಬಾರದೆಂದು ಹೇಳಿದವರು ಯಾರು, ಅವರು ಮುಂದೆ ಯಾವಾಗ ಬಂದು ಮುಟ್ಟುವರು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೂಜೆಯಿಲ್ಲದ ಗುಡಿಯ ದೇವರಂತೆ ಆ ಯಂತ್ರವು ತನ್ನಷ್ಟಕ್ಕೆ ಮಿಣಿಮಿಣಿ ಎನ್ನುತ್ತಿತ್ತು.

ಇನ್ನು ಓಣಿ. ಕಚೇರಿಯೊಳಗಿನ ತಂತಿಯನ್ನು ಇಲಿ ಕಡಿಯುವುದು. ಹೊರಗಿನ ತಂತಿಯನ್ನು ಜೆಸಿಬಿ ಕಡಿಯುವುದು. ನೆಲದಡಿಯ ಗಾಜಿನೆಳೆಯ ತಂತಿ ಕೂದಲಿನಷ್ಟು ಸಣ್ಣ ಎಳೆಗಳದ್ದು. ಕುಡಿಯುವ ನೀರಿನ ಪೈಪಿಗೆಂದು ಒಂದು ಇಲಾಖೆ ರಸ್ತೆ ಅಗೆಯುವುದು. ಚರಂಡಿಗೆಂದು ಇನ್ನೊಂದು ಅಗೆಯುವುದು. ಹೆದ್ದಾರಿಯ ಅಗಲೀಕರಣಕ್ಕೆಂದು ಮತ್ತೊಂದು. ಎಲ್ಲಿ ಯಾವ ತಂತಿ ಹೋಗಿದೆ ಎಂಬ ನಕ್ಷೆ ಅಗೆಯುವವನ ಕೈಯಲ್ಲಿ ಇರುವುದಿಲ್ಲ. ಅನಗವಾಡಿಯಂತಹ ಊರಿನಲ್ಲಿ, ಘಟಪ್ರಭೆಯ ಸೇತುವೆಯ ಈಚೆಗೋ ಆಚೆಗೋ ಒಂದು ಎಳೆ ಕಡಿದರೆ, ಅದನ್ನು ಹುಡುಕಿ ಜೋಡಿಸುವವನು ದೂರದ ಊರಿನಿಂದ ಬರಬೇಕು. ಅವನು ಬರುವವರೆಗೆ ಬೆಂಗಳೂರಿನ ಯಂತ್ರ ಎಷ್ಟು ಗಟ್ಟಿಮುಟ್ಟಾಗಿದ್ದರೂ ಇಲ್ಲಿಯವರಿಗೆ ಅದು ಇಲ್ಲದ ಹಾಗೆಯೇ.

ಸಣ್ಣ ಸಣ್ಣ ತೊಡಕುಗಳಂತೂ ಎಣಿಕೆಗೆ ಸಿಗವು. ಯಂತ್ರದೊಳಗೆ ಗುಂಡಿಯಷ್ಟು ದೊಡ್ಡದಾದ ಒಂದು ಬ್ಯಾಟರಿ ಇರುವುದು. ಅದು ತೀರಿದರೆ ಯಂತ್ರಕ್ಕೆ ದಿನಾಂಕ ಮರೆತುಹೋಗುವುದು. ದಿನಾಂಕ ತಪ್ಪಿದ ಯಂತ್ರವನ್ನು ಬೇರೆ ಯಂತ್ರಗಳು ನಂಬುವುದಿಲ್ಲ; ಬಾಗಿಲು ತೆರೆಯುವುದಿಲ್ಲ. ಕೆಲವೇ ರೂಪಾಯಿಗಳ ಆ ಗುಂಡಿಗಾಗಿ ಒಂದು ದಿನದ ಕೆಲಸ ನಿಲ್ಲಬಹುದು. ಎರಡು ಯಂತ್ರಗಳಿಗೆ ಒಂದೇ ವಿಳಾಸಸಂಖ್ಯೆ ಬಿದ್ದರೆ, ಒಂದೇ ಹೆಸರಿನ ಇಬ್ಬರಿಗೆ ಬಂದ ಟಪಾಲಿನಂತೆ ಕಾಗದಗಳು ತಪ್ಪಿಹೋಗುವವು. ಇವೆಲ್ಲಕ್ಕಿಂತ ದೊಡ್ಡ ತೊಡಕು ಗುಪ್ತಪದದ್ದು. ಅದು ಗುತ್ತಿಗೆಯ ಮೇಲೆ ಬಂದ ಒಬ್ಬ ಹುಡುಗನಿಗೆ ಮಾತ್ರ ಗೊತ್ತಿರುವುದು. ಅವನ ಗುತ್ತಿಗೆ ಮಾರ್ಚ್ 31ಕ್ಕೆ ಮುಗಿಯುವುದು. ಹೊಸ ಆದೇಶ ಬರುವವರೆಗೆ ಅವನು ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾನೆ. ಕೀಲಿ ಅವನೊಡನೆ ಹೋಯಿತು!

ಕಡೆಗೆ ಕಟ್ಟಿನ ಮಾತು, ಎಂದರೆ ಮಾಹಿತಿಯ ಮಾತು. ಯಂತ್ರ ಸತ್ತರೆ ಹೊಸದನ್ನು ಕೊಳ್ಳಬಹುದು. ಅದರೊಳಗಿನ ದಾಖಲೆ ಸತ್ತರೆ ಯಾವ ಅಂಗಡಿಯಲ್ಲೂ ಸಿಗದು. ಆದುದರಿಂದ ದಿನವೂ ನಕಲು ತೆಗೆದಿಡಬೇಕು. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬುದು ಈ ವೃತ್ತಿಯವರ ಸೂತ್ರ. ಆದರೆ ನಕಲು ತೆಗೆದರೆ ಸಾಲದು. ಅದು ತಿರುಗಿ ಓದಲು ಬರುವುದೇ ಎಂದು ಪರೀಕ್ಷಿಸಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಜಗತ್ಪ್ರಸಿದ್ಧ ಸಂಸ್ಥೆಯಲ್ಲಿ ಒಬ್ಬ ಕೆಲಸಗಾರನ ಕೈತಪ್ಪಿನಿಂದ ಮುಖ್ಯ ದತ್ತಾಂಶ ಅಳಿಸಿಹೋಯಿತು. ನಕಲಿಗೆ ಐದು ಬಗೆಯ ವ್ಯವಸ್ಥೆಗಳಿದ್ದವು. ಆ ಹೊತ್ತಿನಲ್ಲಿ ಒಂದೂ ಸರಿಯಾಗಿ ಕೈಗೆ ಬರಲಿಲ್ಲ. ಆಕಸ್ಮಿಕವಾಗಿ ಆರು ತಾಸಿನ ಹಿಂದೆ ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿದ್ದರಿಂದ ಸಂಸ್ಥೆ ಉಳಿಯಿತು. ಅಂಥವರ ಪಾಡೇ ಹೀಗಾದರೆ, ತಂಪಿಲ್ಲದ ಕೋಣೆಯ ನಮ್ಮ ಕಪಾಟುಗಳ ಗತಿಯೇನು?

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಇದೆಲ್ಲ ಹಳೆಯ ಮಾತು. ಈಗ ಎಲ್ಲ ದಾಖಲೆಗಳೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿವೆ. ತಾಲೂಕಿನಲ್ಲಿ ಸರ್ವರಿನ ಚಿಂತೆ ಏಕೆ?’ ಆಕ್ಷೇಪ ವಿಚಾರಾರ್ಹವಾಗಿದೆ. ಅದಕ್ಕೆ ಉತ್ತರ ಕೊಡಲು ಭೂಮಿ ಯೋಜನೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

ನಮ್ಮ ರಾಜ್ಯದಲ್ಲಿ ಸಾಮಾನ್ಯ ರೈತನಿಗೂ ಗಣಕಯಂತ್ರಕ್ಕೂ ಮೊದಲು ಸಂಬಂಧ ಕಟ್ಟಿದ್ದು ಭೂಮಿ ಯೋಜನೆ. 1991ರಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯಲ್ಲಿ ಪ್ರಯೋಗ ಆರಂಭವಾಗಿ, 2000ನೆಯ ಇಸವಿಯ ಸುಮಾರಿಗೆ ಅದು ಈಗಿನ ರೂಪ ತಾಳಿತು. ಒಂದೆರಡು ವರ್ಷಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರ ಸೇರಿದವು. ಕೈಬರಹದ ಪಹಣಿ ಇನ್ನು ಸಿಂಧುವಲ್ಲವೆಂದು ಸಾರಲಾಯಿತು. ಅದುವರೆಗೆ ಉತಾರ ಬೇಕೆಂದರೆ ತಲಾಟಿಯನ್ನು ಹುಡುಕಿಕೊಂಡು ಹೋಗಬೇಕು. ಅವನ ಮರ್ಜಿ ಕಾಯಬೇಕು. ಕೈ ಬೆಚ್ಚಗೆ ಮಾಡಬೇಕು. ಅನಂತರ 15 ರೂಪಾಯಿ ಕೊಟ್ಟು, ತಾಲೂಕು ಕಚೇರಿಯ ಕಿಟಕಿಯಲ್ಲಿ ನಿಂತವನಿಗೆ ನಿಂತ ಕಾಲಲ್ಲಿಯೇ ಅಚ್ಚಾದ ಉತಾರ ಸಿಗತೊಡಗಿತು. ಇದು ಸಣ್ಣ ಸಾಧನೆಯಲ್ಲ. ಬಡವನ ಮರ್ಯಾದೆ ಉಳಿಸಿದ ಸಾಧನೆ ಎಂದು ಮನಃಪೂರ್ವಕವಾಗಿ ಒಪ್ಪಲೇಬೇಕು.

ಆ ಯೋಜನೆಯಲ್ಲಿ ಇನ್ನೊಂದು ಜಾಣತನವಿತ್ತು. ಅದನ್ನು ನಾವು ಮರೆತಿದ್ದೇವೆ. ಆಗ ಆಯಾ ತಾಲೂಕಿನ ಸರ್ವರು ಆಯಾ ತಾಲೂಕು ಕಚೇರಿಯಲ್ಲಿಯೇ ಇರುತ್ತಿತ್ತು. ರೈತನು ಕೊಟ್ಟ ಶುಲ್ಕದ ಹಣ ಆ ವ್ಯವಸ್ಥೆಯ ನಿರ್ವಹಣೆಗೇ ಒದಗುವಂತೆ ಏರ್ಪಾಡು ಮಾಡಿದ್ದರು. ಕಾಗದ, ಮಸಿ, ದುರಸ್ತಿ ಇವುಗಳಿಗಾಗಿ ಮೇಲಿನವರ ಮಂಜೂರಾತಿಯ ದಾರಿ ಕಾಯಬೇಕಾಗಿರಲಿಲ್ಲ. ಅಂದರೆ ಯಂತ್ರವನ್ನು ಇಡುವಾಗಲೇ ಅದರ ಊಟದ ವ್ಯವಸ್ಥೆಯನ್ನೂ ಯೋಚಿಸಿದ್ದರು. ಎತ್ತು ಕೊಳ್ಳುವವನು ಮೇವಿನ ಬಣವೆಯನ್ನೂ ನೋಡಿಕೊಳ್ಳುವ ಹಾಗೆ.

ಮುಂದೆ ದಾಖಲೆಗಳು ಒಂದೆಡೆ ಕೂಡಿದವು. ಇದರಿಂದ ಲಾಭವಾಯಿತು, ರಾಜ್ಯದ ಯಾವ ಮೂಲೆಯಲ್ಲಿ ಕುಳಿತರೂ ಉತಾರ ನೋಡಬಹುದಾಯಿತು. ಆದರೆ ದಫ್ತರವಷ್ಟೇ ಬೆಂಗಳೂರಿಗೆ ಹೋಯಿತು. ದೀಪ ಇಲ್ಲಿಯದೇ, ಓಣಿ ಇಲ್ಲಿಂದಲೇ ಆರಂಭವಾಗುವುದು, ಕಿಟಕಿಯೂ ಇಲ್ಲಿಯೇ. ಆ ಕಪಾಟಿನ ಧೂಳು ಬೆಂಗಳೂರಿಗೆ ಹೋಗಲಿಲ್ಲ. ಮೇಲಾಗಿ ಹಿಂದೆ ಒಂದು ತಾಲೂಕಿನ ಯಂತ್ರ ನಿಂತರೆ ಒಂದು ತಾಲೂಕು ನಿಲ್ಲುತ್ತಿತ್ತು. ಈಗ ಅಲ್ಲಿಯ ಯಂತ್ರ ನಿಂತರೆ 31 ಜಿಲ್ಲೆಗಳೂ ಒಮ್ಮೆಗೇ ನಿಲ್ಲುತ್ತವೆ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ ನಾಡಿನ ಹೆಣ್ಣುಮಕ್ಕಳೆಲ್ಲ ಒಮ್ಮೆಗೆ ಬಾಗಿಲಿಗೆ ಬಂದರು; ಯಂತ್ರಗಳು ಏದುಸಿರುಬಿಟ್ಟವು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದ ಮೇಲೆ ಕಿಡಿಗೇಡಿಗಳು ಕೃತಕ ಖಾತೆಗಳಿಂದ ಲಕ್ಷಗಟ್ಟಲೆ ಸುಳ್ಳು ಕೋರಿಕೆಗಳನ್ನು ಸುರಿದರು. ನಿಜವಾದ ಕೆಲಸಕ್ಕೆ ಬಂದವರು ಸಾಲಿನಲ್ಲಿ ನಿಂತರು. ಜಾತ್ರೆಯಲ್ಲಿ ಪುಂಡರು ಗುಂಪುಕಟ್ಟಿ ಗುಡಿಯ ಬಾಗಿಲಿಗೆ ಅಡ್ಡನಿಂತ ಹಾಗೆ.

ಒಂದೇ ಕಡೆ ಕೂಡಿಟ್ಟ ದಫ್ತರದ ಅಪಾಯವನ್ನು ದಕ್ಷಿಣ ಕೊರಿಯಾ ದೇಶ ಜಗತ್ತಿಗೆಲ್ಲ ತೋರಿಸಿಕೊಟ್ಟಿತು. ಗಣಕವಿದ್ಯೆಯಲ್ಲಿ ಆ ದೇಶ ಎಷ್ಟು ಮುಂದುವರಿದಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 2025ರ ಸಪ್ಟಂಬರ 26ರಂದು ಅಲ್ಲಿಯ ಡೇಜೊನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಯುಪಿಎಸ್ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆದಾಗ ಬೆಂಕಿ ಹತ್ತಿತು. 709 ಸರಕಾರಿ ವ್ಯವಸ್ಥೆಗಳು ನಿಂತವು. ಸರಕಾರಿ ನೌಕರರು ತಮ್ಮ ಕಾಗದಪತ್ರಗಳನ್ನು ಇಟ್ಟುಕೊಳ್ಳುತ್ತಿದ್ದ ಸಂಗ್ರಹವೊಂದರಲ್ಲಿ 858 ಟೆರಾಬೈಟ್ ಮಾಹಿತಿಯಿತ್ತು. ಅದಕ್ಕೆ ಹೊರಗೆಲ್ಲಿಯೂ ನಕಲಿರಲಿಲ್ಲ, ಸುಟ್ಟುಹೋಯಿತು. ಬ್ಯಾಟರಿ ಮತ್ತು ನಕಲು, ನಮ್ಮ ತಾಲೂಕಿನ ಕಪಾಟಿನ ಎರಡು ಕ್ಷುಲ್ಲಕ ವಿಷಯಗಳು, ಅಲ್ಲಿ ಒಂದು ರಾಷ್ಟ್ರದ ಆಡಳಿತವನ್ನೇ ಅಲುಗಾಡಿಸಿದವು.

ಇದನ್ನು ಕೇಳಿ ‘ಹಾಗಾದರೆ ಹಳೆಯ ಕಾಗದವೇ ಚೆನ್ನಾಗಿತ್ತು’ ಎಂದು ನಿಟ್ಟುಸಿರಿಡುವ ಹಿರಿಯರೂ ಇದ್ದಾರೆ. ನಾನು ಅವರ ಪಕ್ಷದವನಲ್ಲ. ಕಾಗದದ ಕಾಲದಲ್ಲಿ ಕಟ್ಟಿನ ಕೀಲಿ ಒಬ್ಬನ ಸೊಂಟದಲ್ಲಿತ್ತು. ಯಾರ ಹೆಸರು ಯಾವ ರಾತ್ರಿ ಅಳಿಸಿತು, ಯಾರದು ಸೇರಿತು ಎಂಬುದಕ್ಕೆ ಸಾಕ್ಷಿಯಿರಲಿಲ್ಲ. ಯಂತ್ರದಲ್ಲಿ ಯಾರು, ಯಾವ ವೇಳೆಗೆ ಬದಲಿಸಿದರೆಂಬ ಗುರುತು ಉಳಿಯುವುದು. 2024ರಿಂದ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನೂ ಸ್ಕ್ಯಾನ್ ಮಾಡಿ ಯಂತ್ರಕ್ಕೇರಿಸುವ ಕೆಲಸ ನಡೆಯತೊಡಗಿತು. ಅದು ಒಳ್ಳೆಯ ಕೆಲಸ. ಹಿಂದಕ್ಕೆ ಹೋಗುವುದು ಪರಿಹಾರವಲ್ಲ. ಇಟ್ಟದ್ದನ್ನು ಜೋಪಾನ ಮಾಡುವುದು ಪರಿಹಾರ.

ಸರ್ವರು ನಿಂತ ದಿನದ ಬೆಲೆ ಎಷ್ಟು, ಅದನ್ನು ಯಾರು ತೆರುತ್ತಾರೆ ಎಂಬುದನ್ನು ಈಗ ವಿಚಾರಿಸೋಣ. ಸರಕಾರಿ ಕೆಲಸ ಗೊತ್ತಾದ ದಿನಗಳಲ್ಲಿ ಆಗಲೇಬೇಕೆಂದು ನಮ್ಮ ರಾಜ್ಯದಲ್ಲಿ ಸಕಾಲ ಕಾನೂನಿದೆ. 2011ರಲ್ಲಿ ಅಂಗೀಕಾರವಾಗಿ 2012ರ ಏಪ್ರಿಲ್ 2ರಿಂದ ರಾಜ್ಯದಲ್ಲೆಲ್ಲ ಜಾರಿಗೆ ಬಂದ ಈ ಕಾನೂನಿನಂತೆ, ಅರ್ಜಿ ಕೊಟ್ಟವನಿಗೆ 15 ಅಂಕಿಗಳ ಒಂದು ಸಂಖ್ಯೆ ಸಿಗುವುದು. ಅಂದಿನಿಂದ ದಿನದೆಣಿಕೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿಯವರೆಗೆ ಪರಿಹಾರವುಂಟು. ಅದನ್ನು ತಪ್ಪಿತಸ್ಥ ನೌಕರನಿಂದ ವಸೂಲು ಮಾಡುವ ಅವಕಾಶವಿದೆ. ಉದಾತ್ತವಾದ ಕಾನೂನು. ಆದರೆ ಆ 15 ಅಂಕಿಗಳು ಹುಟ್ಟುವುದು ಯಂತ್ರದ ಹೊಟ್ಟೆಯಲ್ಲಿ. ಯಂತ್ರ ಮಲಗಿದ್ದರೆ ಸಂಖ್ಯೆಯೇ ಹುಟ್ಟುವುದಿಲ್ಲ. ಸಂಖ್ಯೆ ಹುಟ್ಟದಿದ್ದರೆ ಅರ್ಜಿಯೇ ಇಲ್ಲ. ಅರ್ಜಿಯೇ ಇಲ್ಲವೆಂದ ಮೇಲೆ ತಡವೆಲ್ಲಿಯದು? ಹೀಗೆ ಸರ್ವರು ನಿಂತ ಒಂದು ವಾರ ಯಾವ ಲೆಕ್ಕಕ್ಕೂ ಸೇರದೆ ಹೋಗುವುದು. ಕಚೇರಿಯ ಪುಸ್ತಕದಲ್ಲಿ ಎಲ್ಲವೂ ವೇಳೆಗೆ ಸರಿಯಾಗಿ ನಡೆದಿದೆ. ನಡೆದು ನಡೆದು ಕಾಲು ಸವೆಸಿದವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಅವನ ಪುಸ್ತಕವನ್ನು ನಾವೇ ಬರೆದು ನೋಡೋಣ. 2025-26ನೆಯ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿಯನ್ನು ದಿನಕ್ಕೆ 370 ರೂಪಾಯಿ ಎಂದು ನಿಗದಿ ಮಾಡಿದ್ದರು. ಅದನ್ನೇ ಅಳತೆಗೋಲಾಗಿ ಹಿಡಿದರೆ, ಒಬ್ಬ ಕೂಲಿಕಾರನು ಒಂದು ದಾಖಲೆಗಾಗಿ ಮೂರು ದಿನ ಬಂದು ಹೋದರೆ 1,110 ರೂಪಾಯಿ ಮುಳುಗಿತು. ಬಸ್ಸಿನ ವೆಚ್ಚ, ಚಹಾ ಬೇರೆ. ಅವನಿಗೆ ಸಂಖ್ಯೆ ಸಿಕ್ಕಿ, ಆಮೇಲೆ ತಡವಾಗಿ, ಅವನು ಹಕ್ಕು ಕೇಳಿ ಗೆದ್ದನೆಂದೇ ಇಟ್ಟುಕೊಳ್ಳೋಣ. ದೊರೆಯುವುದು ದಿನಕ್ಕೆ 20 ರೂಪಾಯಿ.

ನಮ್ಮ ಸಹಪಾಠಿಗಳ ಪಾಡೂ ಇದೇ. ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ, ಆದಾಯದ ದಾಖಲೆಗಳ ಸಂಖ್ಯೆ ಬೇಕು. ಅರ್ಜಿಗೆ ಕಡೆಯ ದಿನಾಂಕವೊಂದಿರುವುದು. ಕಡೆಯ ವಾರದಲ್ಲಿ ಎಲ್ಲರೂ ಒಮ್ಮೆಗೆ ಮುಗಿಬೀಳುವುದರಿಂದ ಯಂತ್ರಕ್ಕೆ ಭಾರ ಹೆಚ್ಚುವುದು ಅದೇ ವಾರದಲ್ಲಿ. ದಿನಾಂಕ ಮೀರಿದರೆ ವಿದ್ಯಾರ್ಥಿ ಹೊರಗೆ. ‘ಮೊದಲೇ ಯಾಕ ಬರಲಿಲ್ಲ ನೀನು?’ ಎಂದು ಗದರಿಸುವುದು ಸುಲಭ. ಆದರೆ ಮೊದಲು ಬಂದವನಿಗೂ ‘ನಾಳೆ ಬಾ’ ಎಂದದ್ದು ಯಾರ ನೆನಪಿನಲ್ಲಿದೆ?

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೂ ಗಂಭೀರವಾದ ಒಂದು ಮುಖವುಂಟು. ನಾವು ಮುಳುಗಡೆಯ ಜನ. ಆಲಮಟ್ಟಿಯ ಹಿನ್ನೀರು ಕೃಷ್ಣೆಯ ದಂಡೆಯನ್ನೂ ಘಟಪ್ರಭೆಯ ದಂಡೆಯನ್ನೂ ಏರಿ ಬಂದು, ಹಳೆಯ ಬಾಗಲಕೋಟೆಯ ಭಾಗವನ್ನೂ ಅನೇಕ ಹಳ್ಳಿಗಳ ಹೊಲಮನೆಗಳನ್ನೂ ನುಂಗಿದ್ದನ್ನು ನಮ್ಮ ತಂದೆತಾಯಿಗಳು ಕಂಡಿದ್ದಾರೆ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತಕ್ಕಾಗಿ, 2025ರ ಸಪ್ಟಂಬರದಲ್ಲಿ ಸರಕಾರವು ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ದರ ನಿರ್ಧರಿಸಿತು. ಜಮೀನು ನೀರಾವರಿಯೋ ಒಣಬೇಸಾಯವೋ, ಅಣ್ಣನದೋ ತಮ್ಮನದೋ, ಎಷ್ಟು ಗುಂಟೆ ಎಂಬುದನ್ನು ಹೇಳುವುದು ಉತಾರದ ಒಂದು ಸಾಲು. ನೆಲ ನೀರಿನಡಿ ಹೋದ ಮೇಲೆ ‘ಬರ್ರಿ, ನನ್ನ ಹೊಲದ ಬಾಂದುಗಲ್ಲು ತೋರಸ್ತೀನಿ’ ಎನ್ನಲು ಬರುವುದಿಲ್ಲ. ಹೊಲ ಉಳಿಯುವುದು ಆ ಸಾಲಿನಲ್ಲಿ ಮಾತ್ರ. ಆ ಸಾಲು ಇರುವುದು ಯಂತ್ರದಲ್ಲಿ. ಯಂತ್ರದ ಜೋಪಾಸನೆ ಎಂದರೆ ಮುಳುಗಿದವರ ಹೊಲದ ಜೋಪಾಸನೆಯೇ ಎಂದು ನಾನು ತಿಳಿಯುತ್ತೇನೆ.

ದೋಷ ಒಂದು ಕಚೇರಿಯದಲ್ಲ, ನಮ್ಮೆಲ್ಲರ ಸ್ವಭಾವದಲ್ಲಿದೆ. ನಮಗೆ ಉದ್ಘಾಟನೆಯ ಮೇಲೆ ಪ್ರೀತಿ, ಉಸ್ತುವಾರಿಯ ಮೇಲೆ ಬೇಸರ. ಹೊಸ ಯಂತ್ರ ಬಂದ ದಿನ ಹಾರ, ಫೋಟೋ, ಭಾಷಣ. ಅದರ ಪಂಖೆಯ ಧೂಳು ಒರೆಸಿದವನಿಗೆ ಯಾರೂ ಹಾರ ಹಾಕುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿನಿಂತ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ಅಷ್ಟು ದೊಡ್ಡ ಕಟ್ಟಡ ಗಟ್ಟಿಯಾಗಿಯೇ ಇತ್ತು. ಸೋತದ್ದು ಚೈನಿನ ಕೊಂಡಿ. ಸರ್ವರಿನ ಕಥೆಯೂ ಅದೇ. ಕೋಟಿಗಟ್ಟಲೆ ವೆಚ್ಚದ ಯೋಜನೆ ಸೋಲುವುದು ಬ್ಯಾಟರಿಯ ಮುಂದೆ, ತಂತಿಯ ಮುಂದೆ, ಮರೆತುಹೋದ ಗುಪ್ತಪದದ ಮುಂದೆ.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಲ್ಪಮತಿಗೆ ತೋರಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಕೋಟಿಗಳು ಬೇಕಿಲ್ಲ.

ಮೊದಲನೆಯದು, ಕಿಟಕಿಯ ಬಳಿ ಒಂದು ದಾಖಲೆ ಪುಸ್ತಕ. ನಿಂತ ವೇಳೆ, ನಿಂತ ಕಾರಣ, ಮರಳಿ ನಡೆದ ವೇಳೆ: ಮೂರೇ ಕಂಬಳಿ ಸಾಲುಗಳಷ್ಟು ಅಗಲದ ಮೂರು ಕಲಮುಗಳು ಸಾಕು. ದೀಪವೋ, ಓಣಿಯೋ, ಸೇವಕನೋ, ಕಟ್ಟೋ ಎಂಬುದನ್ನು ಬರೆಯಬೇಕು. ಯಾರು ಬೇಕಾದರೂ ಅದನ್ನು ಓದುವಂತಿರಬೇಕು. ಸರ್ವರು ನಿಜವಾಗಿ ನಿಂತಿದೆಯೋ, ಇಲ್ಲವೆ ಮೈಗಳ್ಳತನಕ್ಕೆ ಅದೊಂದು ನೆವವೋ ಎಂಬ ಸಂಶಯ ಜನರಲ್ಲಿದೆ. ಪುಸ್ತಕವಿದ್ದರೆ ಪ್ರಾಮಾಣಿಕನಾದ ನೌಕರನಿಗೆ ಅದೇ ರಕ್ಷೆ, ಕಳ್ಳನಿಗೆ ಅದೇ ಶಿಕ್ಷೆ.

ಎರಡನೆಯದು, ಯಂತ್ರ ನಿಂತ ದಿನ ಅರ್ಜಿಯನ್ನು ಕಾಗದದ ಮೇಲೆ ತೆಗೆದುಕೊಂಡು, ದಿನಾಂಕದ ಮೊಹರು ಒತ್ತಿ, ಚೀಟಿ ಕೊಡಬೇಕು. ಸಕಾಲದ ಎಣಿಕೆಯೂ ಕಡೆಯ ದಿನಾಂಕದ ಎಣಿಕೆಯೂ ಆ ಮೊಹರಿನಿಂದ ನಡೆಯಬೇಕು. ಯಂತ್ರ ಎದ್ದ ಮೇಲೆ ಕಚೇರಿಯವರೇ ಅದನ್ನು ಒಳಗೇರಿಸಲಿ. ಯಂತ್ರದ ನಿದ್ದೆಗೆ ಬಡವನು ಕೂಲಿ ಕೊಡುವ ಪದ್ಧತಿ ನಿಲ್ಲಲಿ.

ಮೂರನೆಯದು, ತಾಲೂಕಿಗೊಬ್ಬನಾದರೂ ಕಾಯಂ ನೌಕರನು ಈ ಕೆಲಸಕ್ಕೇ ಇರಬೇಕು. ಇಂಥ ತಿಂಗಳು ಬ್ಯಾಟರಿ ಪರೀಕ್ಷೆ, ಇಂಥ ದಿನ ಧೂಳು ತೆಗೆಯುವುದು, ಇಂಥ ವಾರ ನಕಲನ್ನು ತಿರುಗಿ ತೆರೆದು ನೋಡುವುದು ಎಂಬ ಪಂಚಾಂಗ ಅವನ ಗೋಡೆಯ ಮೇಲಿರಬೇಕು. ಗುಪ್ತಪದಗಳು ಮೊಹರು ಮಾಡಿದ ಲಕೋಟೆಯಲ್ಲಿ ಮುಖ್ಯ ಅಧಿಕಾರಿಯ ತಿಜೋರಿಯಲ್ಲಿರಬೇಕು. ನಮ್ಮ ಪಾಲಿಟೆಕ್ನಿಕ್ಕುಗಳಲ್ಲಿ ಕಲಿತ ಎಷ್ಟೋ ಹುಡುಗ-ಹುಡುಗಿಯರು ಕೆಲಸವಿಲ್ಲದೆ ದೂರದ ಊರಿಗೆ ಹೋಗುತ್ತಿದ್ದಾರೆ. ಅವರಿಗೆ ತಮ್ಮ ತಾಲೂಕಿನಲ್ಲಿಯೇ ಗೌರವದ ಕೆಲಸ ಸಿಕ್ಕೀತು.

ನಾಲ್ಕನೆಯದು, ಕಿಟಕಿಯಲ್ಲಿ ಕೂಡಿದ ಶುಲ್ಕದ ಒಂದು ಪಾಲು ಆ ಕಚೇರಿಯಲ್ಲಿಯೇ ಉಸ್ತುವಾರಿಗೆಂದು ಉಳಿಯಬೇಕು. ಭೂಮಿ ಯೋಜನೆಯ ಆರಂಭದಲ್ಲಿ ತೋರಿದ ಜಾಣತನ ಅದೇ ಆಗಿತ್ತು. ಬ್ಯಾಟರಿಯೊಂದಕ್ಕೆ ಆರು ತಿಂಗಳು ಟಿಪ್ಪಣಿ ಬರೆಯುತ್ತ ಕೂಡುವುದಕ್ಕಿಂತ ಅದನ್ನು ಅಂದೇ ಕೊಂಡು ತರುವುದು ಎಲ್ಲರಿಗೂ ಅಗ್ಗ.

ಇದರಲ್ಲಿ ಕಾಲೇಜಿನವರಾದ ನಮ್ಮ ಪಾತ್ರವೇನೆಂದು ಯಾರಾದರೂ ಕೇಳಬಹುದು. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ನಾಗರಿಕನ ಹಕ್ಕುಗಳನ್ನು ಕಂಠಪಾಠ ಮಾಡುತ್ತೇವೆ. ಆ ಹಕ್ಕು ಈಗ ತಾಲೂಕು ಕಚೇರಿಯ ಒಂದು ಕಪಾಟಿನೊಳಗೆ ಕುಳಿತಿದೆ. ಕಪಾಟಿನ ಬಾಗಿಲು ತೆರೆದು ನೋಡುವುದೂ ರಾಜ್ಯಶಾಸ್ತ್ರವೇ ಅಲ್ಲವೇ? ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ವರ್ಷವೂ ಗುಡಿಯ ಅಂಗಳ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅದರ ಜೊತೆಗೆ ಒಂದು ತಿಂಗಳು ಒಂದೊಂದು ಕಿಟಕಿಯ ಬಳಿ ಇಬ್ಬರಂತೆ ನಿಂತು, ಎಷ್ಟು ಜನ ಬಂದರು, ಎಷ್ಟು ಜನ ಕೆಲಸವಾಗದೆ ಮರಳಿದರು, ಹೇಳಿದ ಕಾರಣವೇನು ಎಂದು ಬರೆದುಕೊಂಡರೆ ಹೇಗೆ? ಅರ್ಥಶಾಸ್ತ್ರದ ಗುರುಗಳು ಆ ಲೆಕ್ಕವನ್ನು ಕೂಡಿಸಿಕೊಟ್ಟಾರು. ಆ ಲೆಕ್ಕದ ಒಂದು ಪ್ರತಿಯನ್ನು ತಹಶೀಲ್ದಾರರಿಗೆ ವಿನಯದಿಂದ ಒಪ್ಪಿಸೋಣ. ಜಗಳ ಬೇಡ, ಘೋಷಣೆ ಬೇಡ, ಅಂಕಿಗಳೇ ಮಾತಾಡಲಿ. ನಮ್ಮದೇ ಕಾಲೇಜಿನ ಕಚೇರಿಯ ಮತ್ತು ಗ್ರಂಥಾಲಯದ ಯಂತ್ರಗಳಿಂದಲೇ ಈ ಪುಸ್ತಕ ಆರಂಭವಾದರೆ ಇನ್ನೂ ಉತ್ತಮ. ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಹೇಳಿದ್ದಾರೆ.

ಯಂತ್ರವನ್ನು ಸೇವಕನೆಂದು ಕರೆದವರು ನಾವೇ. ಸೇವಕನಿಗೆ ಹೊತ್ತಿಗೆ ಸರಿಯಾಗಿ ಅನ್ನ, ನೆರಳು, ಔಷಧ ಕೊಡುವುದು ಯಜಮಾನನ ಧರ್ಮ. ಪ್ರಜಾರಾಜ್ಯದಲ್ಲಿ ಯಜಮಾನರು ಕಿಟಕಿಯ ಹೊರಗೆ ನಿಂತವರು. ಅವರು ತಲೆದೂಗಿ ಮರಳುವುದನ್ನು ಬಿಟ್ಟು, ‘ಯಾಕ ನಿಂತೈತ್ರೀ? ಯಾವಾಗಿಂದ? ಯಾರು ನೋಡಾಕ ಹತ್ಯಾರ?’ ಎಂದು ಮೂರು ಪ್ರಶ್ನೆಗಳನ್ನು ಸೌಮ್ಯವಾಗಿ ಕೇಳಲು ಕಲಿತರೆ ಸಾಕು. ಆ ಮೂರಕ್ಕೂ ಉತ್ತರ ಸಿದ್ಧವಾಗಿರುವ ಕಚೇರಿಯಲ್ಲಿ ಸರ್ವರು ಬಹಳ ಹೊತ್ತು ನಿಂತಿರದು.